ಎಲ್ಲವೂ ಗುಬ್ಬಿಯಲ್ಲ



ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಸಿಂದಗಿ ಕಡೆಯ ಒಂದು ಎರಿ ಹೊಲ. ಬಿಳಿಜೋಳ ಕಿತ್ತಾಗಿತ್ತು. ಮಕ್ಕಳಿಗೆ ನೆಲದ ಮೇಲಿದ್ದ ಕಂದು ಹಕ್ಕಿಗಳನ್ನು ತೋರಿಸಿ "ಗುಬ್ಬಿ ಎಂದು ಬರೆಯಿರಿ" ಎಂದೆ. ಒಬ್ಬ ಹುಡುಗಿ ಎದ್ದು, "ಸರ್, ಗುಬ್ಬಿ ಕುಪ್ಪಳಿಸ್ತಾವರಿ, ಇವು ನಡ್ಯಾಕತ್ತಾವ" ಎಂದಳು. "ಹೇಳಿದಷ್ಟ ಬರಿಯವ್ವ" ಎಂದು ಅವಳ ಬಾಯಿ ಮುಚ್ಚಿಸಿದೆ.

ಅವಳು ಹೇಳಿದ್ದೇ ಸರಿ. ಅವು ನೆಲಗುಬ್ಬಿಗಳು, ಪುಸ್ತಕಗಳಲ್ಲಿ ಸ್ಪ್ಯಾರೋ ಲಾರ್ಕ್. ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ನಮ್ಮ ಬಯಲು ಹೊಲಗಳೇ ಇವುಗಳ ಮನೆ. ಗಂಡನ್ನು ಗುರುತಿಸುವುದು ಸುಲಭ: ಬೂದಿ ನೆತ್ತಿ, ಕಪ್ಪು ಹೊಟ್ಟೆ. ಮೇಲೇರಿ ರೆಕ್ಕೆ ಮಡಚಿ ಸಿಳ್ಳೆ ಹಾಕುತ್ತ ಕೆಳಗೆ ಬೀಳುತ್ತದೆ. ಮೋಸ ಮಾಡುವುದು ಹೆಣ್ಣು. ಬಣ್ಣವೂ ದಪ್ಪ ಕೊಕ್ಕೂ ಹೆಣ್ಣು ಗುಬ್ಬಿಯಂತೆಯೇ. ಆದ್ದರಿಂದ ಬಣ್ಣವನ್ನು ಕೊನೆಗೆ ನೋಡಿರಿ. ಮೊದಲು ನಡಿಗೆ ನೋಡಿರಿ. ನೆಲಗುಬ್ಬಿಯ ಕಾಲು ಗಿಡ್ಡ, ಮಣ್ಣಿಗೆ ಅಂಟಿಕೊಂಡಂತೆ ಕೂರುತ್ತದೆ.

ಅದೇ ಹೊಲದಲ್ಲಿ ಇನ್ನೊಂದು ನಡೆಯುವ ಹಕ್ಕಿಯಿದೆ. ತೆಳು ಮೈ, ಉದ್ದ ಕಾಲು, ಸಪೂರ ಕೊಕ್ಕು, ಬಾಲ ಕುಣಿಸುವ ಚಟ. ಅದು ಪಿಪಿಟ್. ಹಾರಿದಾಗ ಬಾಲದ ಅಂಚು ಬೆಳ್ಳಗೆ ಕಾಣುತ್ತದೆ. ಮುದ್ದೇಬಿಹಾಳದ ಕಲ್ಲು ನೆಲದಲ್ಲಿ ಹಾರಿದ ಹಕ್ಕಿಯ ಬಾಲ ತುಕ್ಕಿನ ಬಣ್ಣವಿದ್ದು ತುದಿ ಕಪ್ಪಾಗಿದ್ದರೆ ಅದು ಬೇರೆಯೇ ಲಾರ್ಕ್. ತಲೆಯ ಮೇಲೆ ಜುಟ್ಟಿದ್ದರೆ ಉರ್ದುವಿನಲ್ಲಿ ನಾವು ಚಂಡೂಲ್ ಎನ್ನುವ ಗುಂಪಿನದು. ನಮ್ಮ ದಖ್ಖನಿನ ಜುಟ್ಟಿನ ಲಾರ್ಕನ್ನು 1832ರಲ್ಲಿ ಲೋಕಕ್ಕೆ ಪರಿಚಯಿಸಿದವರು ಸೈಕ್ಸ್ ಎಂಬ ಸೇನಾಧಿಕಾರಿ.

ಎಲ್ಲಕ್ಕೂ ಹೆಸರು ಸಿಗುತ್ತದೆಂದು ತಿಳಿಯಬೇಡಿ. ಚಳಿಗಾಲದಲ್ಲಿ ಜಾಲಿ ಗಿಡಕ್ಕೆ ಬರುವ ಬೂಟೆಡ್ ವಾರ್ಬ್ಲರ್ ಮತ್ತು ಸೈಕ್ಸ್ ವಾರ್ಬ್ಲರ್‌ಗಳನ್ನು ಹಿಂದೆ ಪಂಡಿತರೇ ಒಂದೇ ಜಾತಿ ಎಂದಿದ್ದರು. ಎರಡನೆಯದರ ಕೊಕ್ಕು, ಬಾಲ ತುಸು ಉದ್ದ, ಅಷ್ಟೇ. ನಾನಂತೂ "ಎರಡರಲ್ಲೊಂದು" ಎಂದೇ ಬರೆಯುತ್ತೇನೆ.

1896ರಲ್ಲಿ ಹುಟ್ಟಿದ ಸಲೀಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದಿದ್ದರು. ಅದರ ಗಂಟಲ ಮೇಲೆ ಹಳದಿ ಮಚ್ಚೆಯಿತ್ತು. ಏನಿದು ಎಂದು ಕೇಳಿದ ಹುಡುಗನನ್ನು ಮಾವ ಗದರಿಸಲಿಲ್ಲ; ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿ ಮಿಲಾರ್ಡ್ ಸಾಹೇಬರು ಅದು ಹಳದಿ ಗಂಟಲಿನ ಗುಬ್ಬಿ ಎಂದು ತಿಳಿಸಿ, ಕಪಾಟು ತೆರೆದು ಬೇರೆ ಹಕ್ಕಿಗಳನ್ನೂ ತೋರಿಸಿದರು. ಆ ಹುಡುಗನೇ 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ ಬರೆದದ್ದು.

ಮರುದಿನ ನಾನು ಆ ಹುಡುಗಿಯ ನೋಟ್‌ಬುಕ್ ತರಿಸಿಕೊಂಡೆ. "ಗುಬ್ಬಿ" ಎಂಬುದನ್ನು ನಾನೇ ಹೊಡೆದುಹಾಕಿ "ನೆಲಗುಬ್ಬಿ, ಹೆಣ್ಣು" ಎಂದು ಬರೆದು, ಕೆಳಗೆ ಸಹಿ ಮಾಡಿದೆ.