ಕಾಫಿತೋಟದ ಕಾದಂಬರಿಕಾರ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿವರ್ಷ ಈ ದಿನ ನಾವು 1956ರ ನವೆಂಬರ್ 1ನ್ನು ನೆನೆಯುತ್ತೇವೆ, ಬಾವುಟ ಏರಿಸುತ್ತೇವೆ, ಕದಂಬರಿಂದ ಮೊದಲುಮಾಡಿ ನಾಡಿನ ಹಿರಿಮೆಯನ್ನೆಲ್ಲ ಕೊಂಡಾಡುತ್ತೇವೆ. ಅದು ಯುಕ್ತವೇ ಸರಿ. ಆದರೆ ಇಂದು ನಮ್ಮ ಮಾತು ಅಷ್ಟು ಎತ್ತರದ್ದಲ್ಲ. ಒಬ್ಬ ಲೇಖಕರು ದಿನಗಳನ್ನು ಹೇಗೆ ಕಳೆಯುತ್ತಿದ್ದರು, ಅದರಿಂದ ಹೊರನಾಡಿನಲ್ಲಿರುವ ನಮ್ಮ ಮನೆಗಳಿಗೆ ಏನು ಪ್ರಯೋಜನ ಎಂಬಷ್ಟೇ ವಿಷಯ.

ಕಾದಂಬರಿಕಾರನೆಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು? ಬಾಗಿಲು ಹಾಕಿದ ಕೋಣೆ, ಮೇಜು, ಮಸಿಕುಡಿಕೆ, ಸೂರನ್ನು ದಿಟ್ಟಿಸುತ್ತ ಕುಳಿತ ವ್ಯಕ್ತಿ. 'ಅಪ್ಪ ಬರೆಯುತ್ತಿದ್ದಾರೆ, ಸದ್ದು ಮಾಡಬೇಡಿ' ಎಂದು ಗದರುವ ತಾಯಿ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಬದುಕು ಈ ಚಿತ್ರಕ್ಕೆ ಹೊಂದುವುದೇ ಇಲ್ಲ. ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂ. ಎ. ಓದಿದವರು. ಮನಸ್ಸು ಮಾಡಿದ್ದರೆ ಅಧ್ಯಾಪಕರಾಗಿ ಪಟ್ಟಣದಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಅವರು ಹೋದದ್ದು ಮೂಡಿಗೆರೆಯ ಸೀಮೆಗೆ, ಕಾಫಿ ಬೆಳೆಯಲು. ಕೊನೆಯವರೆಗೂ, ಅಂದರೆ 2007ರ ಏಪ್ರಿಲ್ 5ರವರೆಗೂ, ಅಲ್ಲಿಯೇ ಇದ್ದರು.

ಕಾಫಿ ಬೆಳೆಗಾರನಿಗೆ ಬೇಸಿಗೆಯೆಂದರೆ ರಜೆಯಲ್ಲ. ಗಿಡದ ಮೊಗ್ಗುಗಳು ಒಣ ಹವೆಯಲ್ಲಿ ನಿದ್ರಿಸುತ್ತಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದು ಎಂಟು ಹತ್ತು ದಿನಗಳಾದರೆ ತೋಟಕ್ಕೆ ತೋಟವೇ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ. ಎರಡು ಮೂರು ದಿನಗಳಲ್ಲಿ ಆ ವೈಭವ ಮುಗಿದೇಹೋಗುತ್ತದೆ. ಮಳೆ ಬಾರದಿದ್ದರೆ ನೀರು ಹಾಯಿಸಬೇಕು. ನೀರಿಲ್ಲದಿದ್ದರೆ ಆ ವರ್ಷದ ಫಸಲಿನ ಆಸೆ ಬಿಡಬೇಕು. ಹೂವಿಗೆ ಜೇನು ಬರುತ್ತದೆ. ಮೇ ತಿಂಗಳ ಕೊನೆಗೆ ಗುಡುಗು ಶುರುವಾದರೆ, ಮುಂಗಾರಿನ ಮೊದಲೇ ಸೌದೆ ಒಟ್ಟಬೇಕು, ಮಾಡು ಸರಿಮಾಡಬೇಕು. ಮಲೆನಾಡಿನ ಬೇಸಿಗೆಯ ಕೊನೆ ಹೀಗೆ ಕಣ್ಣು ಆಕಾಶದ ಮೇಲೆ, ಕೈ ಕೆಲಸದ ಮೇಲೆ ಇರುವ ಕಾಲ.

ಇಂಥ ದುಡಿಮೆಯ ನಡುವೆಯೇ ತೇಜಸ್ವಿಯವರ ಬರವಣಿಗೆ ನಡೆಯಿತು. ಗಾಳ ಹಾಕಿ ಮೀನು ಹಿಡಿಯುವುದು, ಹಕ್ಕಿಗಳ ಛಾಯಾಚಿತ್ರ ತೆಗೆಯುವುದು, ಚಿತ್ರ ಬರೆಯುವುದು ಎಲ್ಲವೂ ಅದರೊಡನೆಯೇ ನಡೆದವು. ಜೊತೆಗೆ 'ಕಿವಿ' ಎಂಬ ನಾಯಿ! ನಾಯಿಗೆ ಇಂಥ ಹೆಸರಿಡುವವರು ಎಷ್ಟು ವಿನೋದಪ್ರಿಯರೆಂಬುದನ್ನು ಬೇರೆ ಹೇಳಬೇಕಿಲ್ಲ. ಕಿವಿ ಕಟ್ಟಿಹಾಕಿದ ಅಲಂಕಾರದ ಪ್ರಾಣಿಯಲ್ಲ. 'ಪರಿಸರದ ಕತೆ'ಯಲ್ಲಿ ಅದು ಒಬ್ಬ ಪಾತ್ರಧಾರಿ. 'ಕರ್ವಾಲೊ'ದ ಕಾಡುಯಾತ್ರೆಯಲ್ಲಿಯೂ ಅದು ಜೊತೆಗಿದೆ. ಮನೆಯ ನಾಯಿ ಸಾಹಿತ್ಯದೊಳಕ್ಕೆ ಹೀಗೆ ಸಲೀಸಾಗಿ ನಡೆದುಬಂದದ್ದು, ಮನೆಗೂ ಬರವಣಿಗೆಗೂ ನಡುವೆ ಅವರು ಬೇಲಿ ಹಾಕದೆ ಇದ್ದುದರಿಂದ.

1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನದ ಮುನ್ನುಡಿಯಲ್ಲಿ ಅವರು ಆಗಿನ ನವ್ಯ ಸಾಹಿತ್ಯದ ದಾರಿಯಿಂದ ಬೇರೆಯಾಗುವುದಾಗಿ ಸಾರಿದರು. 1980ರಲ್ಲಿ 'ಕರ್ವಾಲೊ' ಬಂತು. ಹಾರುವ ಓತಿಯೊಂದನ್ನು ಹುಡುಕಿ ವಿಜ್ಞಾನಿಯೊಬ್ಬರು ಕಾಡಿಗೆ ಹೊರಡುವ ಕತೆ. ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇದೆ. ಆದರೆ ಕಾದಂಬರಿಯಲ್ಲಿ ಅದರ ಸುಳಿವು ಬಲ್ಲವನು ಯಾರು? ಜೇನು ಹಿಡಿಯುವ ಮಂದಣ್ಣ. ಊರವರು ಕೆಲಸಕ್ಕೆ ಬಾರದವನೆಂದು ಕಡೆಗಣಿಸಿದವನು. ಅಷ್ಟು ದೊಡ್ಡ ವಿಜ್ಞಾನಿ ಮಂದಣ್ಣನ ಮಾತನ್ನು ಗೌರವದಿಂದ ಕೇಳುತ್ತಾರೆ. ಕನ್ನಡದಲ್ಲಿ ಜ್ಞಾನವಿರುವುದು ಪುಸ್ತಕಗಳಲ್ಲಿ ಮಾತ್ರವಲ್ಲ, ಕಾಡುಮೇಡು ಸುತ್ತಿದವರ ನಾಲಗೆಯಲ್ಲಿಯೂ ಇದೆ ಎಂಬುದು ಇದರಿಂದ ನಮಗೆ ತಿಳಿಯುತ್ತದೆ.

ಅವರ ಓದು ಸಹ ಒಂದೇ ಮೂಲೆಯದಲ್ಲ. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದರು. ಗೆಳೆಯರೊಬ್ಬರೊಡನೆ 'ಪ್ಯಾಪಿಲಾನ್' ತಂದರು. 'ಕನ್ನಡ ನಾಡಿನ ಹಕ್ಕಿಗಳು' ಬರೆದರು. ಓದಿ ಮೆಚ್ಚಿದ್ದನ್ನು ಕನ್ನಡದ ಮಕ್ಕಳಿಗೂ ದೊರಕಿಸಿಕೊಡಬೇಕೆಂಬ ಹಂಬಲ ಅದು.

ಬಂಧುಗಳೇ, ಈಗ ನಮ್ಮ ಮನೆಗೆ ಬರೋಣ. ಮುಂಬಯಿಯ ನಮ್ಮ ಮಕ್ಕಳು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ, ಆಟದಲ್ಲಿ ಹಿಂದಿ, ನೆರೆಯವರೊಡನೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಇದು ಸಂಪತ್ತೇ ಹೊರತು ದೋಷವಲ್ಲ. ಆದರೆ ಕನ್ನಡ 'ಊಟ ಆಯಿತೆ, ಸ್ನಾನ ಆಯಿತೆ' ಎಂಬಲ್ಲಿಗೇ ನಿಂತರೆ, ಒಂದು ತಲೆಮಾರಿನಲ್ಲಿ ಅದು ಹಬ್ಬದ ರೇಷ್ಮೆಸೀರೆಯಂತೆ ಪೆಟ್ಟಿಗೆ ಸೇರುತ್ತದೆ. ಕಿಟಕಿಯಾಚೆ ಕೂಗುವ ಹಕ್ಕಿ ಯಾವುದೆಂದು ಮಗು ಕೇಳಿದಾಗ ಕೋಗಿಲೆ, ಮಡಿವಾಳ, ಮಿಂಚುಳ್ಳಿ ಎಂದು ಹೇಳಬಲ್ಲ ಮನೆಯಲ್ಲಿ ಭಾಷೆಗೆ ದಿನವೂ ಕೆಲಸವಿರುತ್ತದೆ.

ಚಾಳಿನ ಎರಡು ಕೋಣೆಗಳಲ್ಲಿ ನಾಯಿ ಸಾಕುವುದು ಎಲ್ಲರಿಗೂ ಆಗುವ ಮಾತಲ್ಲ. ಮೆಟ್ಟಿಲ ಮೇಲೆ ಮಲಗುವ ಬೆಕ್ಕು ಸಾಕು, ಕಟಕಟೆಗೆ ಬರುವ ಗುಬ್ಬಿ ಸಾಕು. ಅದಕ್ಕೊಂದು ಕನ್ನಡದ ಹೆಸರಿಡಲಿ, ಅದು ಇಂದು ಏನು ಮಾಡಿತೆಂದು ಮಗು ರಾತ್ರಿ ನಾಲ್ಕು ಸಾಲು ಬರೆಯಲಿ. ಮೇ ತಿಂಗಳಲ್ಲಿ ಹೇಗೂ ನಾವು ಊರಿಗೆ ಹೋಗುತ್ತೇವೆ. ಹಲಸು ಮಾವು ಹೊತ್ತು ತರುವಂತೆ ಅಲ್ಲಿನ ಗಿಡ, ಹುಳು, ಹಕ್ಕಿಗಳ ಹೆಸರುಗಳನ್ನೂ ಹಿರಿಯರಿಂದ ಕೇಳಿ ತರೋಣ. ರೈಲಿನಲ್ಲಿ ಓದಲು 'ಪರಿಸರದ ಕತೆ'ಯನ್ನು ಚೀಲದಲ್ಲಿಟ್ಟುಕೊಳ್ಳೋಣ. ಅಕ್ಷರ ಬಾರದ ಮಗುವಿಗೆ ನಾವೇ ಗಟ್ಟಿಯಾಗಿ ಓದಿ ಹೇಳೋಣ. ಕಿವಿಯ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದರೆ, ಮಿಕ್ಕದ್ದನ್ನು ತಿಳಿಯಲು ಅದು ತಾನಾಗಿಯೇ ಅಕ್ಷರ ಕಲಿಯಲು ಹಟ ಹಿಡಿಯಬಹುದು.

ಮುಂದಿನ ರಾಜ್ಯೋತ್ಸವಕ್ಕೆ ಅಂಥ ಬರಹಗಳನ್ನು ಮಕ್ಕಳೇ ಈ ವೇದಿಕೆಯಲ್ಲಿ ಓದಲೆಂದು ಕೋರುತ್ತೇವೆ. ಆಗ ನಮ್ಮಂಥವರ ಭಾಷಣಕ್ಕೆ ಸಮಯ ಉಳಿಯದಿದ್ದರೆ ನಮಗೆ ಸಂತೋಷವೇ.