ಹಿಂದಿರುಗುವ ದಾರಿಯಿಲ್ಲದ ಅಪ್‌ಡೇಟ್

ಮೊಬೈಲ್ ರಿಪೇರಿ ಅಂಗಡಿಗಳ ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: ‘ಅಪ್‌ಡೇಟ್ ಮಾಡೋವರೆಗೂ ಚೆನ್ನಾಗೇ ಇತ್ತು, ಆಮೇಲೆ ಹ್ಯಾಂಗ್ ಆಗೋಕೆ ಶುರುವಾಯ್ತು.’ ಈ ದೂರಿಗೆ ಎರಡು ಸಿದ್ಧ ಉತ್ತರಗಳಿವೆ. ಹೊಸ ಫೋನ್ ಮಾರಲೆಂದು ಕಂಪನಿಯವರೇ ಹಳೆಯದನ್ನು ಬೇಕೆಂದೇ ನಿಧಾನ ಮಾಡುತ್ತಾರೆ ಎಂಬುದು ಒಂದು. ಹಾಗೇನೂ ಇಲ್ಲ, ಎಲ್ಲ ನಿಮ್ಮ ಭ್ರಮೆ ಎಂಬುದು ಇನ್ನೊಂದು. ಸ್ಮಾರ್ಟ್‌ಫೋನ್ ಬಂದಾಗಿನಿಂದ ನಡೆದದ್ದನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ. ಕೆಲವು ಅಪ್‌ಡೇಟ್‌ಗಳು ಫೋನನ್ನು ನಿಧಾನ ಮಾಡಿವೆ, ಕೆಲವು ಚುರುಕಾಗಿಸಿವೆ, ಒಂದಂತೂ ಗುಟ್ಟಾಗಿ ನಿಧಾನ ಮಾಡಿ ಸಿಕ್ಕಿಬಿದ್ದಿದೆ. ಭದ್ರತೆಯ ದುರಸ್ತಿ, ಹೊಸ ಸೌಲಭ್ಯಗಳು, ಬ್ಯಾಟರಿ ಮತ್ತು ಪ್ರೊಸೆಸರ್‌ಗಳ ಮೇಲಿನ ಹತೋಟಿ, ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಬಿಚ್ಚಲೂ ಹಿಂದಿರುಗಿಸಲೂ ಬಾರದಂತೆ ಗ್ರಾಹಕರ ಕೈಗಿಡುವ ಪದ್ಧತಿಯೇ ಈ ಜಗಳದ ಮೂಲ ಎಂಬುದು ನನ್ನ ವಾದ.

ತಂತ್ರಾಂಶ ಬೆಳೆದಷ್ಟೂ ಭಾರವಾಗುತ್ತದೆ ಎಂಬ ತಿಳಿವಳಿಕೆ ಮೊಬೈಲಿಗಿಂತ ಹಳೆಯದು. ಐಬಿಎಂನ ಓಎಸ್/360 ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟುವ ಕೆಲಸದ ನೇತೃತ್ವ ವಹಿಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ಒಂದು ದೋಷ ಸರಿಪಡಿಸಲು ಹೋದಾಗ ಇನ್ನೊಂದು ದೋಷ ಹುಟ್ಟುವ ಸಂಭವ ಶೇ. 20ರಿಂದ 50ರಷ್ಟಿದೆ ಎಂದು ಅವರು ಅದರಲ್ಲಿ ಹೇಳಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ, ಪಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ತ್, ಯಂತ್ರಾಂಶದ ವೇಗ ಏರುವುದಕ್ಕಿಂತಲೂ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು 1995ರ ಲೇಖನವೊಂದರಲ್ಲಿ ಎಚ್ಚರಿಸಿದರು. ಆದರೆ ಆ ಕಾಲದಲ್ಲಿ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಬೇಕೋ ಬೇಡವೋ ಎಂಬುದು ಯಜಮಾನನ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 2003ರಲ್ಲಿ ಬಂದ ನೋಕಿಯಾ 1100ರಂಥ ಫೋನುಗಳಂತೂ ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಬಹುಮಟ್ಟಿಗೆ ಹಾಗೆಯೇ ಇದ್ದವು. ಮಾರಿದ ಮೇಲೂ ವಸ್ತುವಿನ ನಡವಳಿಕೆಯನ್ನು ತಯಾರಕನೇ ಬದಲಿಸುತ್ತ ಹೋಗುವುದು ಜನಸಾಮಾನ್ಯರ ಅನುಭವಕ್ಕೆ ಬಂದದ್ದು ಸ್ಮಾರ್ಟ್‌ಫೋನಿನಿಂದ.

ಮೊದಲ ದೊಡ್ಡ ಗಲಾಟೆ 2010ರದು. ಎರಡು ವರ್ಷ ಮೊದಲು ಬಂದಿದ್ದ ಐಫೋನ್ 3ಜಿಯಲ್ಲಿ ಇದ್ದದ್ದು 128 ಎಂಬಿ ರ‍್ಯಾಮ್. ಆ ಜೂನ್‌ನಲ್ಲಿ ಆಪಲ್ ಹೊರತಂದ ಐಫೋನ್ 4ರಲ್ಲಿ 512 ಎಂಬಿ. ಜೊತೆಗೇ ಬಂದ ಐಒಎಸ್ 4 ಎಂಬ ಆಪರೇಟಿಂಗ್ ಸಿಸ್ಟಂ ಎರಡಕ್ಕೂ ಇಳಿಯಿತು. ಏಕಕಾಲಕ್ಕೆ ಹಲವು ಆ್ಯಪ್ ನಡೆಸುವ ಸೌಲಭ್ಯವನ್ನು ಹಳೆಯ ಫೋನಿಗೆ ಕೊಡದೆ ಉಳಿಸಿಕೊಂಡಿದ್ದರೂ ಅದು ಏದುಸಿರು ಬಿಟ್ಟಿತು. ಅಕ್ಷರ ಒತ್ತಿದರೆ ತೆರೆಯ ಮೇಲೆ ಮೂಡಲು ಕಾಯಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆಯೂ ಹೂಡಲ್ಪಟ್ಟಿತು. ಸೆಪ್ಟೆಂಬರ್‌ನಲ್ಲಿ 4.1 ಬಂದ ಮೇಲೆ ಎಷ್ಟೋ ಸುಧಾರಿಸಿತು. ಅಂದರೆ ಅಪ್‌ಡೇಟ್ ಕೆಡಿಸಿದ್ದನ್ನು ಇನ್ನೊಂದು ಅಪ್‌ಡೇಟ್ ಭಾಗಶಃ ಸರಿಮಾಡಿತು. ದುರುದ್ದೇಶ ಹುಡುಕಬೇಕಾದ ಅಗತ್ಯ ಇಲ್ಲಿ ನನಗೆ ಕಾಣುವುದಿಲ್ಲ. ಹೊಸ ಯಂತ್ರವನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದನ್ನು ಹಳೆಯದರ ಮೇಲೆ ಸಾಕಷ್ಟು ಪರೀಕ್ಷಿಸದೆ ಬಿಟ್ಟರು ಎಂದರೆ ಸಾಕು.

ಆಂಡ್ರಾಯ್ಡ್ ಕಡೆಗೆ ಬಂದರೆ, ಗೂಗಲ್‌ಗಾಗಿ ಏಸಸ್ ಕಂಪನಿ ತಯಾರಿಸಿದ 2012ರ ನೆಕ್ಸಸ್ 7 ಟ್ಯಾಬ್ಲೆಟ್ ಇನ್ನೂ ಬೋಧಪ್ರದ. ಕೆಲವೇ ತಿಂಗಳಲ್ಲಿ ಅದು ತಾನಾಗಿಯೇ ಮಂಕಾಗತೊಡಗಿತು. ಅಪ್‌ಡೇಟ್ ಇದಕ್ಕೆ ಕಾರಣವಾಗಿರಲಿಲ್ಲ. ಫೋಟೋ ಅಳಿಸಿದಾಗ ಆಪರೇಟಿಂಗ್ ಸಿಸ್ಟಂ ತನ್ನ ಪಟ್ಟಿಯಿಂದ ಹೆಸರು ತೆಗೆಯುತ್ತದೆ, ಅಷ್ಟೆ. ಆ ಜಾಗ ಖಾಲಿಯಾಯಿತೆಂದು ಒಳಗಿನ ಫ್ಲ್ಯಾಶ್ ಚಿಪ್ಪಿಗೆ ಹೇಳದಿದ್ದರೆ ಚಿಪ್ಪು ಸತ್ತ ಮಾಹಿತಿಯನ್ನೇ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುತ್ತದೆ, ಹೊಸದನ್ನು ಬರೆಯುವುದು ನಿಧಾನವಾಗುತ್ತದೆ. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3, ಖಾಲಿ ಜಾಗದ ಸುದ್ದಿಯನ್ನು ಚಿಪ್ಪಿಗೆ ಆಗಾಗ ಮುಟ್ಟಿಸುವ ವ್ಯವಸ್ಥೆ ತಂದಿತು, ಟ್ಯಾಬ್ಲೆಟ್ ಚೇತರಿಸಿಕೊಂಡಿತು. ಮರುವರ್ಷದ ಕೊನೆಗೆ 5.0 ಬಂದಾಗ ಅದೇ ಟ್ಯಾಬ್ಲೆಟ್ ಬಗ್ಗೆ ಮತ್ತೆ ದೂರುಗಳ ಮಳೆ. ಒಂದೇ ಯಂತ್ರವನ್ನು ಒಂದು ಅಪ್‌ಡೇಟ್ ಎತ್ತಿತು, ಇನ್ನೊಂದು ಕೆಡವಿತು.

ಸಂಶಯಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಂತೆ ಕಂಡದ್ದು 2014ರಲ್ಲಿ. ಹೊಸ ಐಫೋನ್ ಬಿಡುಗಡೆಯಾದಾಗಲೆಲ್ಲ ‘ಐಫೋನ್ ಸ್ಲೋ’ ಎಂದು ಗೂಗಲಿನಲ್ಲಿ ಹುಡುಕುವವರ ಸಂಖ್ಯೆ ಜಿಗಿಯುತ್ತದೆ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಬಂದಾಗ ಹಾಗಾಗುವುದಿಲ್ಲ ಎಂಬ ಅಧ್ಯಯನವೊಂದನ್ನು ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಚರ್ಚಿಸಿದರು. ಇದರಿಂದ ಸಂಚು ಸಾಬೀತಾಗುವುದಿಲ್ಲ ಎಂದು ಅವರೇ ಎಚ್ಚರಿಸಿದ್ದರು: ಆಪಲ್ ಹೊಸ ಫೋನನ್ನೂ ಹೊಸ ಐಒಎಸ್ ಅನ್ನೂ ಹೆಚ್ಚುಕಡಿಮೆ ಒಟ್ಟಿಗೇ ಬಿಡುತ್ತದೆ, ಸ್ಯಾಮ್‌ಸಂಗ್ ಫೋನಿಗೆ ಆಪರೇಟಿಂಗ್ ಸಿಸ್ಟಂ ಬರುವುದು ಗೂಗಲ್‌ನಿಂದ, ಬೇರೆ ಬೇರೆ ಸಮಯದಲ್ಲಿ. 2017ರ ಅಕ್ಟೋಬರಿನಲ್ಲಿ ವೇಗಪರೀಕ್ಷೆಯ ತಂತ್ರಾಂಶ ಮಾಡುವ ಫ್ಯೂಚರ್‌ಮಾರ್ಕ್ ಸಂಸ್ಥೆ ತನ್ನ ಬಳಿಯಿದ್ದ ಫಲಿತಾಂಶಗಳನ್ನು ತೆರೆದು ತೋರಿಸಿ, ಐಫೋನ್ 5ಎಸ್‌ನಿಂದ 7ರವರೆಗೆ ಯಾವುದರ ವೇಗವೂ ಹೇಳಿಕೊಳ್ಳುವಷ್ಟು ಕುಸಿದಿಲ್ಲ ಎಂದಿತು. ಭ್ರಮೆ ಎನ್ನುವವರು ಗೆದ್ದೆವೆಂದುಕೊಂಡರು. ಆ ಗೆಲುವು ಬಾಳಿದ್ದು ಎರಡು ತಿಂಗಳು.

ಡಿಸೆಂಬರ್ 2017ರ ಪ್ರಕರಣವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಂತರದ ಚರ್ಚೆಯೆಲ್ಲ ಅದರ ನೆರಳಿನಲ್ಲೇ ನಡೆದಿದೆ. ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳರೋಧ ಏರುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು, ಪರದೆಯ ಮೇಲೆ ಚಾರ್ಜ್ ಇನ್ನೂ ಸಾಕಷ್ಟಿದೆ ಎಂದು ತೋರಿಸುತ್ತಿದ್ದರೂ ಫೋನ್ ತಟ್ಟನೆ ಆರಿಹೋಗುತ್ತದೆ. ಐಫೋನ್ 6 ಮತ್ತು 6ಎಸ್‌ಗಳಲ್ಲಿ ಹೀಗಾಗುತ್ತಿತ್ತು. 2017ರ ಜನವರಿಯ ಐಒಎಸ್ 10.2.1ರಲ್ಲಿ ಆಪಲ್ ಇದಕ್ಕೊಂದು ಉಪಾಯ ಸೇರಿಸಿತು: ಬ್ಯಾಟರಿ ಸವೆದಿದ್ದರೆ ಪ್ರೊಸೆಸರಿನ ಗರಿಷ್ಠ ವೇಗವನ್ನೇ ತಗ್ಗಿಸುವುದು. ಆರಿಹೋಗುವ ತೊಂದರೆ 6ಎಸ್‌ನಲ್ಲಿ ಶೇ. 80ರಷ್ಟು ಕಡಿಮೆಯಾಯಿತೆಂದು ಕಂಪನಿ ಹೇಳಿಕೊಂಡಿತು. ಹೇಗೆ ಕಡಿಮೆಯಾಯಿತು ಎಂಬುದನ್ನು ಹೇಳಲಿಲ್ಲ. ಬ್ಯಾಟರಿ ಬದಲಿಸಿದ ಕೂಡಲೇ ಫೋನ್ ಮತ್ತೆ ಚುರುಕಾಯಿತೆಂದು ಬಳಕೆದಾರರೊಬ್ಬರು ಕಂಡುಕೊಂಡದ್ದು ಸುದ್ದಿಯಾದಾಗ, ಗೀಕ್‌ಬೆಂಚ್ ಎಂಬ ಪರೀಕ್ಷೆಯನ್ನು ರೂಪಿಸಿದ ಜಾನ್ ಪೂಲ್ ತಮ್ಮಲ್ಲಿದ್ದ ಅಂಕಗಳು ಹೇಗೆ ಹರಡಿಕೊಂಡಿವೆ ಎಂದು ನಕ್ಷೆ ಬರೆದು ನೋಡಿದರು. ಹಳೆಯ ಆವೃತ್ತಿಯಲ್ಲಿ ಒಂದೇ ಶಿಖರವಿತ್ತು, 10.2.1ರ ನಂತರ ಕೆಳಗಿನ ವೇಗಗಳಲ್ಲಿ ಹೊಸ ಗುಡ್ಡಗಳು ಎದ್ದಿದ್ದವು. ಫ್ಯೂಚರ್‌ಮಾರ್ಕ್ ನೋಡಿದ್ದು ತಿಂಗಳ ಸರಾಸರಿಯನ್ನು. ಸವೆದ ಬ್ಯಾಟರಿಯ ಕೆಲವು ಫೋನುಗಳು ಮಾತ್ರ ನಿಧಾನವಾಗಿ ಉಳಿದವು ಚೆನ್ನಾಗಿದ್ದರೆ ಸರಾಸರಿ ಅಷ್ಟೇನೂ ಅಲುಗುವುದಿಲ್ಲ. ‘ನನ್ನ ಫೋನ್ ಮಾತ್ರ ಹಾಳಾಗಿದೆ’ ಎನ್ನುವವನೂ ‘ಎಲ್ಲರದೂ ಸರಿಯಾಗಿದೆ’ ಎನ್ನುವ ಅಂಕಿಯೂ ಒಟ್ಟೊಟ್ಟಿಗೆ ನಿಜವಾಗಿರಬಹುದು.

ಆಪಲ್ ಡಿಸೆಂಬರ್ 20ರಂದು ಒಪ್ಪಿಕೊಂಡಿತು, 28ರಂದು ಕ್ಷಮೆ ಕೇಳಿತು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ತಾಂತ್ರಿಕವಾಗಿ ನೋಡಿದರೆ ಅದರ ನಿರ್ಧಾರ ಸಮಂಜಸವೇ ಆಗಿತ್ತು. ಆಂಬುಲೆನ್ಸ್‌ಗೆ ಕರೆ ಮಾಡುವಾಗ ಆರಿಹೋಗುವ ಫೋನಿಗಿಂತ ನಿಧಾನದ ಫೋನ್ ಮೇಲು. ತಪ್ಪಿದ್ದದ್ದು ಮೌನದಲ್ಲಿ. ಹೊಸ ಬ್ಯಾಟರಿ ಹಾಕಿದರೆ ಸಾಕು ಎಂದು ತಿಳಿಯದವರು ಹತ್ತಾರು ಸಾವಿರದ ಹೊಸ ಫೋನ್ ಕೊಂಡಿರಬಹುದು. ಫ್ರಾನ್ಸಿನ ಅಧಿಕಾರಿಗಳು 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿದ್ದೂ ಗ್ರಾಹಕರಿಗೆ ತಿಳಿಸಲಿಲ್ಲ ಎಂಬ ಕಾರಣಕ್ಕೆ. ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರಲ್ಲೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಆಪಲ್‌ಗೆ 1 ಕೋಟಿ ಯೂರೋ, ಗ್ಯಾಲಕ್ಸಿ ನೋಟ್ 4ಕ್ಕೆ ಹೊಸ ಆಂಡ್ರಾಯ್ಡ್ ಹಾಕಿಕೊಳ್ಳಿ ಎಂದು ಒತ್ತಾಯಿಸಿದ್ದಕ್ಕೆ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸುವಾಗ ಅದು ಕೊಟ್ಟ ಕಾರಣ ಗಮನಾರ್ಹ: ಸರಿಯಾಗಿ ತಿಳಿಸಲಿಲ್ಲ ಎಂಬುದಷ್ಟೇ ಅಲ್ಲ, ಫೋನನ್ನು ಮೊದಲಿನ ಸ್ಥಿತಿಗೆ ತರುವ ದಾರಿಯನ್ನೂ ಕೊಡಲಿಲ್ಲ. ಈ ಎಲ್ಲ ತೀರ್ಪುಗಳಲ್ಲಿ ವಿಷಯದ ಬೇರು ಮುಟ್ಟಿದ್ದು ಇದೇ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಅಪ್‌ಡೇಟ್ ಮಾಡದೇ ಇದ್ದುಬಿಡೋಣ ಎನ್ನುವವರಿದ್ದಾರೆ. ಅದು ಉಪಾಯವಲ್ಲ. 2015ರ ಜುಲೈನಲ್ಲಿ ಬಯಲಾದ ಸ್ಟೇಜ್‌ಫ್ರೈಟ್ ದೋಷದಿಂದ, ಒಂದು ಎಂಎಂಎಸ್ ಕಳಿಸಿಯೇ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗುವುದು ಸಾಧ್ಯವಿತ್ತು. ಗೂಗಲ್ ಪ್ರತಿ ತಿಂಗಳೂ ಭದ್ರತಾ ದುರಸ್ತಿ ಕೊಡಲು ಶುರುಮಾಡಿದ್ದು ಅದರ ಬೆನ್ನಿಗೇ. ಬ್ಯಾಂಕಿನ ಪಾಸ್‌ಬುಕ್ಕೂ ಕಿರಾಣಿ ಅಂಗಡಿಯ ಪಾವತಿಯೂ ಫೋನಿನೊಳಗೇ ಇರುವ ನಮ್ಮಂಥ ದೇಶದಲ್ಲಿ ಆ ದುರಸ್ತಿ ಬಿಡುವುದು ಬಾಗಿಲು ತೆರೆದಿಟ್ಟು ಮಲಗುವುದೇ ಸರಿ. ಇನ್ನೊಂದು ಮಾತು. ನಮ್ಮಲ್ಲಿ ಮಾರಾಟವಾದ ಎಷ್ಟೋ ಅಗ್ಗದ ಫೋನುಗಳು ಒಂದು ದೊಡ್ಡ ಅಪ್‌ಡೇಟನ್ನೂ ಕಾಣಲಿಲ್ಲ, ಅವೂ ನಿಧಾನವಾದವು. ಆಪರೇಟಿಂಗ್ ಸಿಸ್ಟಂ ಬದಲಾಗದಿದ್ದರೂ ಆ್ಯಪ್‌ಗಳು ದಪ್ಪಗಾಗುತ್ತವೆ, ಗುಡ್ ಮಾರ್ನಿಂಗ್ ಚಿತ್ರಗಳಿಂದ ಸ್ಟೋರೇಜ್ ತುಂಬುತ್ತದೆ, ಬ್ಯಾಟರಿ ಸವೆಯುತ್ತದೆ. ಭ್ರಮೆ ಎನ್ನುವವರ ವಾದದಲ್ಲೂ ಒಂದು ಸತ್ಯವಿದೆ: ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಫೋನ್ ಒಳಗೊಳಗೇ ಫೋಟೋಗಳನ್ನು ಮರುವಿಂಗಡಿಸುತ್ತ, ಆ್ಯಪ್‌ಗಳನ್ನು ಹೊಸ ಆವೃತ್ತಿಗೆ ಹೊಂದಿಸುತ್ತ ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಆ ಎರಡು ದಿನ ನೋಡಿ ತೀರ್ಪು ಕೊಡುವುದು ಆತುರ.

ಹೊಸ ಸೌಲಭ್ಯ ಬೇಕೆಂದರೆ ನಿಧಾನವನ್ನು ಸಹಿಸಲೇಬೇಕು ಎಂಬ ಇನ್ನೊಂದು ಸಮಜಾಯಿಷಿ ಎಂಜಿನಿಯರುಗಳ ಕಡೆಯಿಂದ ಬರುತ್ತದೆ. ಇದಕ್ಕೆ ಆಪಲ್ಲೇ ಉತ್ತರ ಕೊಟ್ಟಿದೆ. ಬ್ಯಾಟರಿ ಹಗರಣದ ಮರುವರ್ಷ ಬಂದ ಐಒಎಸ್ 12ರಲ್ಲಿ ಹಳೆಯ ಫೋನುಗಳ ವೇಗಕ್ಕೇ ಆದ್ಯತೆ ಕೊಟ್ಟರು. ಒತ್ತಡ ಬಿದ್ದ ಕ್ಷಣವೇ ಪ್ರೊಸೆಸರನ್ನು ಪೂರ್ಣ ವೇಗಕ್ಕೇರಿಸಿ, ಕೆಲಸ ಮುಗಿದ ಕೂಡಲೇ ಇಳಿಸುವಂತೆ ತಿದ್ದಿದರು. ಐಫೋನ್ 6 ಪ್ಲಸ್‌ನಲ್ಲಿ ಆ್ಯಪ್ ತೆರೆಯುವುದು ಶೇ. 40ರವರೆಗೆ ಬೇಗವಾಯಿತೆಂದು ಕಂಪನಿ ಪ್ರಕಟಿಸಿತು. 2013ರ ಐಫೋನ್ 5ಎಸ್‌ಗೂ ಅದು ಸಿಕ್ಕಿತು. ಮನಸ್ಸು ಮಾಡಿದರೆ ಆಗುತ್ತದೆ. ಪ್ರತಿವರ್ಷ ಮನಸ್ಸು ಮಾಡದಿರುವುದಕ್ಕೆ ಕಾರಣ ತಂತ್ರಜ್ಞಾನದಲ್ಲಿಲ್ಲ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟುವುದು ಹೊಸ ಸೌಲಭ್ಯಕ್ಕೆ.

ಮುಂಚಿತವಾಗಿ ತಿಳಿಸಿಬಿಟ್ಟರೆ ಸಮಸ್ಯೆ ಮುಗಿಯಿತೇ? 2025ರ ಜನವರಿಯಲ್ಲಿ ಗೂಗಲ್ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಇಳಿಯುವ ಅಪ್‌ಡೇಟ್ ಬಿಟ್ಟಿತು. ಕೆಲವು ಫೋನುಗಳಲ್ಲಿ ಬ್ಯಾಟರಿಯ ಬಳಕೆಗೆ ಸಿಗುವ ಸಾಮರ್ಥ್ಯ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿತ್ತು, ಉಚಿತ ಬ್ಯಾಟರಿಯ ಅಥವಾ ಪರಿಹಾರದ ಆಯ್ಕೆಯನ್ನೂ ಕೊಟ್ಟಿತ್ತು. ಆಪಲ್‌ಗೆ ಹೋಲಿಸಿದರೆ ಇದು ಪ್ರಾಮಾಣಿಕ ನಡೆ. ಆದರೂ ಬೇಡ ಎನ್ನುವ ಅವಕಾಶ ಇರಲಿಲ್ಲ. ಬ್ಯಾಟರಿ ಅಪಾಯಕಾರಿಯಾಗಿದ್ದರೆ ಬೇಡ ಎನ್ನಲು ಬಿಡಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಅದನ್ನು ಅಪಾಯ ಎಂದೇ ಕರೆದು, ಕಾರುಗಳನ್ನು ವಾಪಸು ಕರೆಸುವಂತೆ ಕರೆಸಬೇಕು. ‘ಬ್ಯಾಟರಿಯ ಸ್ಥಿರತೆ’ ಎಂಬ ಮೃದುಮಾತಿನಲ್ಲಿ ಸುತ್ತಿ ಕಳಿಸುವುದಲ್ಲ.

ಗಂಟು ಬಿಚ್ಚುವುದು ಅಸಾಧ್ಯವೇನಲ್ಲ. 2021ರಲ್ಲಿ ಐಒಎಸ್ 15 ಬಂದಾಗ, ಬೇಡವಾದವರು 14ರಲ್ಲೇ ಉಳಿದು ಭದ್ರತಾ ದುರಸ್ತಿ ಮಾತ್ರ ಪಡೆಯಬಹುದೆಂದು ಆಪಲ್ ಹೇಳಿತ್ತು. ಕೆಲವು ತಿಂಗಳಲ್ಲಿ ಆ ಆಯ್ಕೆ ಸದ್ದಿಲ್ಲದೆ ಮಾಯವಾಯಿತು. ಹಿಂದಿನ ಆವೃತ್ತಿಗೆ ಮರಳಲು ಬಿಟ್ಟರೆ ಕಳ್ಳರು ಹಳೆಯ ದೋಷಗಳನ್ನು ಬಳಸಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ, ಆದರೆ ಅದು ಭದ್ರತೆಯ ಭಾಗಕ್ಕೆ ಅನ್ವಯಿಸುತ್ತದೆಯೇ ಹೊರತು ಹೊಸ ಬಣ್ಣ, ಹೊಸ ಅನಿಮೇಷನ್‌ಗಳಿಗಲ್ಲ. ಭಾರತದಲ್ಲೂ ಈ ವಿಷಯ ಸರ್ಕಾರದ ಮೇಜು ತಲುಪಿದೆ. ಐಒಎಸ್ 18ರ ಅಪ್‌ಡೇಟ್‌ಗಳ ನಂತರ ತೊಂದರೆಯಾಗಿದೆ ಎಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ಮೇಲೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿದೆಯೆಂದು 2025ರ ಜನವರಿಯಲ್ಲಿ ತಿಳಿಸಿದವರು ಸಚಿವರೂ ಧಾರವಾಡದ ಸಂಸದರೂ ಆದ ಪ್ರಲ್ಹಾದ ಜೋಶಿ. ಯಾಕೆ ನಿಧಾನವಾಯಿತು ಎಂದಷ್ಟೇ ಕೇಳಿದರೆ ಕಂಪನಿಯಿಂದ ತಾಂತ್ರಿಕ ಉತ್ತರ ಬರುತ್ತದೆ. ಮರಳುವ ದಾರಿ ಎಲ್ಲಿ ಎಂದು ಕೇಳಿದರೆ ಉತ್ತರಿಸಲು ಅದಕ್ಕೆ ತನ್ನದೇ ಉದಾಹರಣೆಯಿದೆ. 2023ರ ಜುಲೈನಲ್ಲಿ ಆಪಲ್ ಒಂದು ತುರ್ತು ಭದ್ರತಾ ದುರಸ್ತಿ ಬಿಟ್ಟಿತು, ಅದರಿಂದ ಸಫಾರಿಯಲ್ಲಿ ಕೆಲವು ಜಾಲತಾಣಗಳು ಸರಿಯಾಗಿ ತೆರೆಯದಾದವು. ಆ ಬಗೆಯ ದುರಸ್ತಿಯನ್ನು ತೆಗೆದುಹಾಕುವ ಅವಕಾಶ ಸೆಟ್ಟಿಂಗ್ಸ್‌ನಲ್ಲೇ ಇತ್ತು. ತೊಂದರೆಯಾದವರು ತೆಗೆದುಹಾಕಿ ಎಂದು ಕಂಪನಿಯೇ ಹೇಳಿತು, ಕೆಲವೇ ದಿನಗಳಲ್ಲಿ ಸರಿಪಡಿಸಿದ್ದನ್ನು ಕಳಿಸಿತು.