ಹುಟ್ಟಿಸುವವರು ಒಬ್ಬರು, ಆಡುವವರು ಊರೆಲ್ಲ

ಹೊಸ ಪದದ ಮಾತೆತ್ತಿದರೆ ನಮ್ಮ ತುಮಕೂರು ಜಿಲ್ಲೆಯವರು ಮೊದಲು ಹೇಳುವ ಹೆಸರು ತೀ.ನಂ. ಶ್ರೀಕಂಠಯ್ಯನವರದು. 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು. ಸಂವಿಧಾನಕ್ಕೆ ‘ರಾಷ್ಟ್ರಪತಿ’ ಎಂಬ ಪದ ಸೂಚಿಸಿದವರು ಅವರೇ ಎಂದು ಓದಿಕೊಂಡು ಬಂದಿದ್ದೇವೆ. ಆದರೆ 1930ರ ದಶಕದಲ್ಲೇ ಕಾಂಗ್ರೆಸ್ ಅಧ್ಯಕ್ಷರನ್ನು ರಾಷ್ಟ್ರಪತಿ ಎನ್ನುವ ರೂಢಿ ಇತ್ತು. 1937ರಲ್ಲಿ ನೆಹರೂ ಗುಪ್ತನಾಮದಲ್ಲಿ ತಮ್ಮನ್ನೇ ತಾವು ಟೀಕಿಸಿ ಬರೆದ ಲೇಖನದ ಶೀರ್ಷಿಕೆಯೂ ಅದೇ. ಇದರಿಂದ ತೀನಂಶ್ರೀ ಹಿರಿಮೆಗೆ ಕುಂದೇನಿಲ್ಲ. ನನ್ನ ಪಾಲಿಗಂತೂ ಹೆಚ್ಚಿತು. ಬಾಯಲ್ಲಿ ಪಳಗಿದ ಪದಕ್ಕೆ ಸರಿಯಾದ ಕುರ್ಚಿ ಹುಡುಕುವುದು, ಕೂತು ಹೊಸದು ಹೊಸೆಯುವುದಕ್ಕಿಂತ ಜಾಣತನದ ಕೆಲಸ.

‘ಆಕಾಶವಾಣಿ’ಯ ಕಥೆಯೂ ಇದೇ ದಾರಿಯದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಹೆಸರು ಸೂಚಿಸಿದ್ದು ನಾ. ಕಸ್ತೂರಿ. ಹರಿಕಥೆ ಕೇಳಿದ, ಬಯಲಾಟ ನೋಡಿದ ಯಾವ ಹಳ್ಳಿಗನಿಗೂ ಕಂಸನನ್ನು ಎಚ್ಚರಿಸಿದ ಆಕಾಶವಾಣಿ ಗೊತ್ತೇ ಇತ್ತು! ಮೇಲಾಗಿ ನಿಲಯವೇ ದಿನವೂ ತನ್ನ ಹೆಸರು ಹೇಳಿಕೊಳ್ಳುತ್ತಿತ್ತು. ರೇಡಿಯೋಗೆ ‘ಬಾನುಲಿ’ಯೂ ಚೆಂದದ ಪದ, ಪಾಪ, ಬರವಣಿಗೆ ಬಿಟ್ಟು ಆಚೆ ಬರಲಿಲ್ಲ.

ಇನ್ನು ಮೊಬೈಲಿಗೆ ಕಟ್ಟಿದ ‘ಜಂಗಮವಾಣಿ’. ಎಂಥ ಸೊಗಸು! ಸಿದ್ಧಗಂಗೆಯ ಮಗ್ಗುಲಲ್ಲಿರುವ ನಮಗೆ ಜಂಗಮ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಲಗ್ನಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅಂಗಡಿ ಬೋರ್ಡಿನಲ್ಲೂ ಕಾಣುತ್ತದೆ. ಆದರೆ ‘ಮಗಾ, ಜಂಗಮವಾಣಿ ಚಾರ್ಜಿಗೆ ಹಾಕು’ ಎಂದ ತಾಯಿಯನ್ನು ನಾನು ಕಂಡಿಲ್ಲ. ಪದ ಬರುವಷ್ಟರಲ್ಲಿ ‘ಮೊಬೈಲು’ ಹೆಸರಿನ ಸಮೇತ ಕೈಗೆ ಬಂದಾಗಿತ್ತು. ‘ಜಾಲತಾಣ’ದ ಅದೃಷ್ಟ ಬೇರೆ, ಸುದ್ದಿ ಬರೆಯುವವರಿಗೆ ಅದು ದಿನಾ ಬೇಕಾಯಿತು, ನಮಗೂ ರೂಢಿಯಾಯಿತು.

ಜನ ತಾವೇ ಕಟ್ಟಿಕೊಂಡ ಪದಗಳಿಗೆ ಇಂಥ ಪಾಡಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ತಂಡಕ್ಕೆ ಚನ್ನಬಸವೇಶ್ವರರ ಹೆಸರು ಹೊತ್ತ ಉದ್ದನೆಯ ಬೋರ್ಡಿತ್ತು. ಊರವರು ‘ಗುಬ್ಬಿ ಕಂಪನಿ’ ಅಂದರು, ಮುಗಿಯಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ಆ ಹೆಸರು ನಾಡೆಲ್ಲ ಸುತ್ತಿತು. ‘ಕಂಪನಿ ನಾಟಕ’ ಎಂಬ ಜೋಡುಪದವನ್ನು ಈಗ ವಿಮರ್ಶಕರೂ ಗಂಭೀರವಾಗಿ ಬಳಸುತ್ತಾರೆ.

ಕುಣಿಗಲ್ಲಿನ ‘ಕುದುರೆ ಫಾರಂ’ ನೋಡಿ. ಅರ್ಧ ಕನ್ನಡದ್ದು, ಅರ್ಧ ಇಂಗ್ಲಿಷಿನದು, ಯಾರಿಗೂ ತೊಂದರೆಯಿಲ್ಲ. ಕೂತು ಪದ ಹೊಸೆಯುವ ನಮ್ಮಂಥವರ ಕೈಗೆ ಕೊಟ್ಟಿದ್ದರೆ ‘ಅಶ್ವಸಂವರ್ಧನಾ ಕ್ಷೇತ್ರ’ ಅಂತಿಡುತ್ತಿದ್ದೆವೋ ಏನೋ. ಕಂಡಕ್ಟರು ಅದನ್ನು ಪೂರ್ತಿ ಕೂಗುವಷ್ಟರಲ್ಲಿ ಸ್ಟಾಪು ದಾಟಿ ಹೋಗಿರುತ್ತಿತ್ತು.